ಮೂರನೇ ಕೊಕ್ಕೆಯ ನೀಲಿ ಕಪ್

ಫೆಬ್ರವರಿ 3

ಅಮ್ಮಾ,

ನಿನಗೆ ಬರೆದ ಪತ್ರ ನಿನ್ನೆಯೇ ಮುಗಿದಿತ್ತು. ಅದರಲ್ಲಿ ಹೊಸ ಕೆಲಸದ ಸುದ್ದಿಯಿತ್ತು, ಮನೆಯ ಮುಂಬಾಗಿಲು ತೇವಕ್ಕೆ ಉಬ್ಬಿ ಮುಚ್ಚಲು ಬಾರದ ಸುದ್ದಿಯಿತ್ತು, ಆರೋಗ್ಯ ನೋಡಿಕೋ ಎಂಬ ಮಾತಿತ್ತು. ಒಂದು ವಿಷಯ ಮಾತ್ರ ಇರಲಿಲ್ಲ. ಲಕೋಟೆಗೆ ಅಂಟು ಹಚ್ಚಿ ಮೇಜಿನ ಮೇಲಿಟ್ಟೆ. ಹಲ್ಲುಜ್ಜಿಕೊಂಡು ಬಂದವಳು ಅದನ್ನು ಹರಿದೆ. ಈಗ ಮೊದಲಿನಿಂದ ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಿಬಿಡಬಹುದಿತ್ತು. ಆದರೆ ನೀನು "ಮಾತಿಗೆ ತಾರೀಕಿರಲ್ಲ, ಬರೆದು ಕಳಿಸು" ಎಂದು ನನ್ನ ಪರೀಕ್ಷೆಯ ಫಲಿತಾಂಶವನ್ನೂ ಕಾಗದದಲ್ಲೇ ಕೇಳಿದವಳು.

ಮೊದಲು ಸುದ್ದಿ. ಅಡುಗೆಮನೆ ಸಿನಿಮಾವನ್ನು ಮತ್ತೆ ತೆಗೆಯುತ್ತಿದ್ದಾರೆ. ಮೂವತ್ತನಾಲ್ಕು ವರ್ಷದ ಹಿಂದೆ ಅದಕ್ಕೆ ನೀನು ಮಾಡಿದ ಕೆಲಸ ಈ ಸಲ ನನಗೆ ಸಿಕ್ಕಿದೆ, ಕಂಟಿನ್ಯುಟಿ. ಒಂದು ಶಾಟಿನಲ್ಲಿ ಮಡಚಿದ್ದ ಅಂಗಿಯ ತೋಳು ಮುಂದಿನ ಶಾಟಿನಲ್ಲೂ ಅಷ್ಟೇ ಮಡಚಿದೆಯೇ, ಅರ್ಧ ಉರಿದ ಮೇಣದಬತ್ತಿ ಅರ್ಧಕ್ಕೇ ನಿಂತಿದೆಯೇ ಎಂದು ನೀನು ಕೊರಳಲ್ಲಿ ಕ್ಯಾಮೆರಾ, ಕೈಯಲ್ಲಿ ನೋಟ್‌ಬುಕ್ ಹಿಡಿದು ನೋಡುತ್ತಿದ್ದೆಯಲ್ಲ, ನಾನು ಅದನ್ನೇ ಟ್ಯಾಬ್ಲೆಟ್ ಹಿಡಿದು ನೋಡುತ್ತೇನೆ.

ನಿರ್ದೇಶಕಿ ನನಗಿಂತ ಹತ್ತು ವರ್ಷ ಚಿಕ್ಕವಳು. ಮೊದಲ ದಿನ ನಮ್ಮನ್ನೆಲ್ಲ ಉದ್ದ ಮೇಜಿನ ಸುತ್ತ ಕೂರಿಸಿ ಕಥೆ ಹೇಳಿದಳು. ನಾನು ಹೊಸದಾಗಿ ಕೇಳುವವಳಂತೆ ಕೇಳಿದೆ. ಗಡಿಯಾರ ರಿಪೇರಿಯ ಅಪ್ಪ ಒಲೆಯ ಪಕ್ಕದಲ್ಲಿ ಒಂದು ಯಂತ್ರ ಜೋಡಿಸುತ್ತಾನೆ. ಅದು ಸಿಡಿದು, ಅಡುಗೆಮನೆಯೊಂದೇ ಮನೆಯಿಂದ ಕಿತ್ತುಕೊಂಡು ಆಕಾಶಕ್ಕೆ ಹೋಗುತ್ತದೆ. ಅಪ್ಪ, ಅಮ್ಮ, ಒಂಬತ್ತು ವರ್ಷದ ಮಗಳು ಮತ್ತು ಒಂದು ಮೇಜು, ನಾಲ್ಕು ಕುರ್ಚಿ, ಗೋಡೆಯ ಮೇಲೆ ಏಳು ಕೊಕ್ಕೆ, ಏಳು ಕಪ್. ಅವರು ನಕ್ಷತ್ರಗಳ ನಡುವೆ ತೇಲಿಕೊಂಡು ಮನೆಯ ಉಳಿದ ಭಾಗವನ್ನು ಹುಡುಕುತ್ತಾರೆ.

ಆಮೇಲೆ ಆಕೆ ನೀಲಿ ಕಪ್ಪಿನ ಮಾತು ತೆಗೆದಳು. ಉಲ್ಕೆಗಳ ದೃಶ್ಯದಲ್ಲಿ ಅದು ಮೂರನೇ ಕೊಕ್ಕೆಯಲ್ಲಿರುತ್ತದೆ, ಹುಡುಗಿ ಒಮ್ಮೆ ಕಣ್ಣು ಮಿಟುಕಿಸುವಷ್ಟರಲ್ಲಿ ಐದನೆಯದಕ್ಕೆ ಹೋಗಿರುತ್ತದೆ, ಐದನೆಯದರಲ್ಲಿದ್ದ ಬಿಳಿಯದು ಮೂರಕ್ಕೆ ಬಂದಿರುತ್ತದೆ. ಆ ಅಡುಗೆಮನೆಯಲ್ಲಿ ಕಣ್ಣಿಗೆ ಕಾಣದ ನಾಲ್ಕನೆಯವರೊಬ್ಬರು ಇದ್ದಾರೆ ಎಂದು ನಂಬುವ ಅಭಿಮಾನಿಗಳ ಗುಂಪೇ ಇದೆಯಂತೆ. ಹೊಸ ಚಿತ್ರದಲ್ಲೂ ಕಪ್ ಅದೇ ದೃಶ್ಯದಲ್ಲಿ ಜಾಗ ಬದಲಾಯಿಸಬೇಕು, ಹಳೆಯ ತಪ್ಪಿಗೆ ನಮಸ್ಕಾರ ಹೇಳಿದ ಹಾಗೆ ಎಂದಳು. "ಆಗಿನ ಕಂಟಿನ್ಯುಟಿಯವರು, ಆ ಕಪ್ ಮೇಡಂ, ಇನ್ನೂ ಇದ್ದಾರಾ? ಇದ್ದರೆ ಹುಡುಕಿ ಕರೆಸೋಣ. ಅವರ ಕೈಯಿಂದಲೇ ತಪ್ಪು ಕೊಕ್ಕೆಗೆ ಹಾಕಿಸಿ, ಅದನ್ನೂ ಶೂಟ್ ಮಾಡೋಣ. ಮುದ್ದಾಗಿರುತ್ತೆ."

ಎಲ್ಲರೂ ನಕ್ಕರು. ನಾನೂ ನಕ್ಕೆ. ನಾನು ನಿನ್ನ ಮಗಳೆಂದು ಇಲ್ಲಿ ಯಾರಿಗೂ ಗೊತ್ತಿಲ್ಲ.

ಈಗ ಆ ಒಂದು ವಿಷಯ. ನೀಲಿ ಕಪ್ಪನ್ನು ಐದನೇ ಕೊಕ್ಕೆಗೆ ಹಾಕಿದವಳು ನಾನು. ನೀನು ಊಟದ ವಿರಾಮದ ನಂತರ ಎಲ್ಲವನ್ನೂ ನೋಡಿ "ಸರಿ" ಎಂದು ಗುರುತು ಹಾಕಿ ಹೊರಗೆ ಹೋದೆ. ನನಗೆ ಬಾಯಾರಿತ್ತು. ಸೆಟ್ಟಿನೊಳಗೆ ಹೋಗಿ, ಕೈಗೆ ಸಿಕ್ಕ ಎರಡು ಕಪ್ ಇಳಿಸಿ, ನೀಲಿಯದರಲ್ಲಿ ನೀರು ಕುಡಿದು, ಒರೆಸಿ, ಗಡಿಬಿಡಿಯಲ್ಲಿ ಎರಡನ್ನೂ ಅದಲುಬದಲಾಗಿ ಹಾಕಿ ಓಡಿಬಂದೆ. ನಿನ್ನ ತಪ್ಪಲ್ಲ ಅದು. ಯಾವತ್ತೂ ಆಗಿರಲಿಲ್ಲ.

ನಿನ್ನ ಮಗಳು


ಫೆಬ್ರವರಿ 27

ಮಗಳೇ,

ನಿನ್ನ ಕಾಗದ ಏಳನೇ ತಾರೀಕು ಬಂತು. ಇಪ್ಪತ್ತು ದಿನ ಅದನ್ನು ಕನ್ನಡಕದ ಡಬ್ಬಿಯ ಕೆಳಗೆ ಇಟ್ಟಿದ್ದೆ. ದಿನಾ ಬೆಳಗ್ಗೆ ಕನ್ನಡಕ ತೆಗೆದುಕೊಳ್ಳುವಾಗ ಕಾಣಿಸುತ್ತಿತ್ತು.

ನಿನಗೆ ನೆನಪಿದೆಯೋ ಇಲ್ಲವೋ. ಆ ಸಿನಿಮಾ ಬಿಡುಗಡೆ ಆದಮೇಲೆ ನಾನು ಮೂರು ಸಲ ಕಣ್ಣು ತೋರಿಸಿಕೊಂಡೆ. ಗುರುತು ಹಾಕುವಾಗ ಕಪ್ ಮೂರನೆಯದರಲ್ಲಿ ಇದ್ದದ್ದನ್ನು ನಾನು ನೋಡಿದ್ದೆ. ಪರದೆಯ ಮೇಲೆ ಐದರಲ್ಲಿತ್ತು. ಪರದೆ ಸುಳ್ಳು ಹೇಳಲ್ಲ, ಹಾಗಾದರೆ ಸುಳ್ಳು ಹೇಳಿದ್ದು ನನ್ನ ಕಣ್ಣು. ಅದರ ಮುಂದಿನ ಚಿತ್ರದಲ್ಲಿ ಒಂದೊಂದು ವಸ್ತುವನ್ನೂ ಐದೈದು ಸಲ ನೋಡತೊಡಗಿದೆ. ಲೈಟಿನವರು "ಕಪ್ ಮೇಡಂ, ಸೂರ್ಯ ಮುಳುಗ್ತಾನೆ" ಅಂತ ಕೂಗುತ್ತಿದ್ದರು. ಅರ್ಧಕ್ಕೇ ಬಿಟ್ಟೆ. ಮೂರನೇ ಸಲ ಹೋದಾಗ ಕನ್ನಡಕದ ಅಂಗಡಿಯವರು, "ಅಮ್ಮಾ, ನಿಮ್ಮ ಕಣ್ಣು ನನ್ನ ಕಣ್ಣಿಗಿಂತ ಚೆನ್ನಾಗಿದೆ, ಇಲ್ಲೇ ಕೆಲಸಕ್ಕೆ ಬನ್ನಿ" ಅಂದರು. ಹೋದೆ. ಇಪ್ಪತ್ತೆರಡು ವರ್ಷ ಬೇರೆಯವರ ಕಣ್ಣು ಅಳೆದೆ.

ತಮಾಷೆ ಏನು ಗೊತ್ತಾ? ತೂಕವೇ ಇಲ್ಲದ ಆಕಾಶದಲ್ಲಿ ಕಪ್ ಕೊಕ್ಕೆಯಿಂದ ಹೇಗೆ ನೇತಾಡುತ್ತೆ ಅಂತ ಒಬ್ಬರೂ ಕೇಳಲಿಲ್ಲ. ಎರಡು ಕೊಕ್ಕೆ ಆಚೆ ಹೋಯಿತು ಅಂತ ಮಾತ್ರ ಕೇಳಿದರು.

ಅದಿರಲಿ. ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಒಂದು ಕಡೆ ಹೊಂದುತ್ತಿಲ್ಲ. ಆ ಅಡುಗೆಮನೆ ಹಲಗೆಯದು. ನಲ್ಲಿಯನ್ನು ಗೋಡೆಗೆ ಅಂಟಿಸಿದ್ದರು, ಹಿಂದೆ ಪೈಪೇ ಇರಲಿಲ್ಲ. ಹೋಗಲಿ, ಹೊರಗಿನಿಂದ ನೀರು ತಂದೆ ಅಂತ ಇಟ್ಟುಕೊಳ್ಳೋಣ. ನೀಲಿ ಕಪ್ ತೇಲುವ ಶಾಟ್ ಒಂದಿತ್ತು. ತಂತಿ ಹಾಯಿಸೋದಕ್ಕೆ ಅದರ ತಳದಲ್ಲಿ ತೂತು ಕೊರೆದಿದ್ದರು, ಕಿರುಬೆರಳು ಹೋಗುವಷ್ಟು. ಆ ದಿನಕ್ಕೆ ಮೂರು ದಿನ ಮೊದಲೇ ಕೊರೆದಿದ್ದರು. ನನ್ನ ನೋಟ್‌ಬುಕ್ಕಿನಲ್ಲಿದೆ.

ನೀನು ಅದರಲ್ಲಿ ನೀರು ಹೇಗೆ ಕುಡಿದೆ?

ಅಮ್ಮ


ಮಾರ್ಚ್ 10

ಅಮ್ಮಾ,

ಪತ್ರ ಸಿಕ್ಕಿತು. ಇಲ್ಲಿ ಒಂದು ವಾರದಿಂದ ಶೂಟಿಂಗ್ ನಡೆಯುತ್ತಿದೆ. ಅಡುಗೆಮನೆಯ ಎರಡು ಗೋಡೆ ಮಾತ್ರ ಕಟ್ಟಿದ್ದಾರೆ. ಉಳಿದ ಎರಡು ಕಡೆ ಹಸಿರು ಬಟ್ಟೆ, ಅಲ್ಲಿ ಆಮೇಲೆ ಕಂಪ್ಯೂಟರಿನವರು ಆಕಾಶ ತುಂಬುತ್ತಾರಂತೆ. ಹಸಿರನ್ನು ದಿನವಿಡೀ ನೋಡಿ ಹೊರಗೆ ಬಂದರೆ ಬೀದಿಯೆಲ್ಲ ಗುಲಾಬಿ ಬಣ್ಣಕ್ಕೆ ಕಾಣಿಸುತ್ತದೆ. ಅಪ್ಪನ ಪಾತ್ರದವರಿಗೆ ಗಡಿಯಾರದ ಒಳಗು ನಿಜಕ್ಕೂ ಗೊತ್ತಿದೆ, ನನ್ನ ಕೈಗಡಿಯಾರ ಸರಿಮಾಡಿಕೊಟ್ಟರು.

ಕೊಕ್ಕೆಗಳಿರುವ ಗೋಡೆಯನ್ನು ನಿಜವಾಗಿಯೇ ಕಟ್ಟಿದ್ದಾರೆ. ಉಲ್ಕೆಗಳ ದೃಶ್ಯ ಜೂನ್ ತಿಂಗಳಲ್ಲಿ. ನಿರ್ದೇಶಕಿ ಕಪ್ ಮೇಡಂ ಸಿಕ್ಕರೇ ಎಂದು ಎರಡು ಸಲ ಕೇಳಿದಳು. ಹುಡುಕುತ್ತಿದ್ದೇನೆ ಎಂದೆ.

ಬಾಗಿಲನ್ನು ಬಡಗಿ ಬಂದು ಹತ್ತರಿ ಹೊಡೆದು ಸರಿಮಾಡಿದರು. ಈಗ ಬೇಕಾದ್ದಕ್ಕಿಂತ ಸಲೀಸಾಗಿ ತೆರೆದುಕೊಳ್ಳುತ್ತದೆ.

ನಿನ್ನ ಮಗಳು


ಮಾರ್ಚ್ 19

ಮಗಳೇ,

ಹಸಿರು ಬಟ್ಟೆಯ ವಿಷಯ ಓದಿದೆ. ಬಾಗಿಲಿನದೂ ಓದಿದೆ.

ಕಪ್ಪಿನಲ್ಲಿ ತೂತು ಇತ್ತು.

ಅಮ್ಮ


ಏಪ್ರಿಲ್ 2

ಅಮ್ಮಾ,

ಬಾಯಾರಿರಲಿಲ್ಲ. ನೀರೂ ಇರಲಿಲ್ಲ.

ನಿನಗೆ ಬರೆದದ್ದು ಇಷ್ಟು ವರ್ಷ ನಾನು ನನಗೇ ಹೇಳಿಕೊಂಡ ಕಥೆ. ಹೇಳಿ ಹೇಳಿ, ನೀರಿನ ತಂಪು ಕೂಡ ನೆನಪಿನಲ್ಲಿ ಸೇರಿಕೊಂಡಿತ್ತು. ನಿನ್ನ ಪತ್ರ ಬಂದ ಮೇಲೆ, ಆ ನೀರು ಎಲ್ಲಿಂದ ಬಂತೆಂದು ಕೂತು ಹುಡುಕಿದೆ. ಎಲ್ಲಿಂದಲೂ ಬಂದಿರಲಿಲ್ಲ.

ಆಗ ಶಾಲೆಗೆ ರಜೆ. ಮನೆಯಲ್ಲಿ ನಾವಿಬ್ಬರೇ ಆದ್ದರಿಂದ ನೀನು ನನ್ನನ್ನು ಸೆಟ್ಟಿಗೆ ಕರೆದುಕೊಂಡು ಹೋಗುತ್ತಿದ್ದೆ. ಬಟ್ಟೆಯ ಟ್ರಂಕಿನ ಮೇಲೆ ಕೂತಿರಬೇಕು, ಏನನ್ನೂ ಮುಟ್ಟಬಾರದು. ಅಲ್ಲಿಂದ ನಿನ್ನನ್ನು ನೋಡುತ್ತಿದ್ದೆ. ನೀನು ಮಗಳ ಪಾತ್ರದ ಆ ಹುಡುಗಿಯನ್ನು ನೋಡುತ್ತಿದ್ದೆ. ಅವಳಿಗೂ ಒಂಬತ್ತು. ಅವಳ ರಿಬ್ಬನ್ನಿನ ಎಡ ಕಿವಿ ಬಲದ್ದಕ್ಕಿಂತ ಎಷ್ಟು ಉದ್ದ, ಯಾವ ಕಾಲ್ಚೀಲ ಜಾರಿದೆ, ಎಷ್ಟು ಜಾರಿದೆ, ಎಲ್ಲವೂ ನಿನಗೆ ಗೊತ್ತು. ಅವಳ ಮೊಣಕಾಲಿಗೆ ದಿನಾ ಬಣ್ಣದಲ್ಲಿ ಒಂದು ತರಚು ಗಾಯ ಬರೆಯುತ್ತಿದ್ದರು. ನೀನು ಮಂಡಿಯೂರಿ ಕೂತು, ನಿನ್ನೆಯ ಫೋಟೋ ಹಿಡಿದು, ಗಾಯ ನಿನ್ನೆಯ ಜಾಗದಲ್ಲೇ ಇದೆಯೇ ಎಂದು ನೋಡುತ್ತಿದ್ದೆ. ಆ ವಾರ ನಾನು ಮೆಟ್ಟಿಲಲ್ಲಿ ಬಿದ್ದು ನನಗೂ ಮೊಣಕಾಲು ತರಚಿತ್ತು. ಅದು ನಿನಗೆ ಕಂಡದ್ದು ನಾಲ್ಕು ದಿನದ ಮೇಲೆ.

ಅದಕ್ಕೇ ಕಪ್ ಬದಲಾಯಿಸಿದೆ. ನಿನಗೆ ಕಾಣಿಸುತ್ತದೋ ಇಲ್ಲವೋ ನೋಡಲು. ಕಾಣಿಸುತ್ತದೆ, ನಿಲ್ಲಿಸಿ ಎನ್ನುತ್ತೀ, ಟ್ರಂಕಿನ ಹತ್ತಿರ ಬಂದು ನನ್ನ ಕಿವಿ ಹಿಂಡುತ್ತೀ ಎಂದು ಕಾದೆ. ಬಯ್ಯಿಸಿಕೊಳ್ಳಬೇಕೆಂದೇ ಮಾಡಿದ್ದು. ಆದರೆ ಆ ಶಾಟಿನಲ್ಲಿ ಹುಡುಗಿಯ ಕೂದಲನ್ನು ತಂತಿ ಕಟ್ಟಿ ತೇಲಿಸುತ್ತಿದ್ದರು. ನೀನು ಕ್ಯಾಮೆರಾದ ಪಕ್ಕದಲ್ಲಿ ಕೂತು ಅವಳ ಕೂದಲನ್ನೇ ನೋಡುತ್ತಿದ್ದೆ. ಗೋಡೆಯ ಕಡೆ ತಿರುಗಲಿಲ್ಲ.

ಬಸ್ಸಿನಲ್ಲಿ ಹೇಳೋಣವೆಂದುಕೊಂಡೆ. ನೀನು ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದೆ. ನಾಳೆ ಎಂದುಕೊಂಡೆ. ಆಮೇಲೆ ಥಿಯೇಟರಿನಲ್ಲಿ ಜನ ಕಪ್ ನೋಡಿ ನಕ್ಕ ದಿನ ಬಂತು. ಆ ದಿನ ಹೇಳಲು ಹೆದರಿಕೆಯಾಯಿತು. ದೊಡ್ಡವಳಾದ ಮೇಲೆ, ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ನೀನು ಕೇಳುತ್ತೀಯೆಂಬ ಹೆದರಿಕೆ.

ಇದನ್ನೂ ನನಗೆ ಅನುಕೂಲವಾಗುವಂತೆ ತಿದ್ದಿ ಬರೆಯುತ್ತಿದ್ದೇನೆಯೇ ಎಂದು ಎರಡು ಸಲ ಓದಿ ನೋಡಿದೆ. ಗಾಯದ ಮಾತು ಸ್ವಲ್ಪ ಹಾಗೆ ಕೇಳಿಸುತ್ತದೆ, ನಿನ್ನ ಮೇಲೇ ತಪ್ಪು ಹೊರಿಸಿದ ಹಾಗೆ. ಆದರೂ ಅದು ಹಾಗೆಯೇ ಇತ್ತು. ಹೊಡೆದುಹಾಕಿಲ್ಲ.

ನಿನ್ನ ಮಗಳು


ಮೇ 26

ಮಗಳೇ,

ಕ್ಷಮಿಸಿದ್ದೇನೆ ಅಂತ ಬರೆಯೋದಕ್ಕೆ ಮೂರು ಸಲ ಕೂತೆ. ಬರೆದರೆ ಸುಳ್ಳಾಗುತ್ತೆ, ಇನ್ನೂ ಪೂರ್ತಿ ಆಗಿಲ್ಲ. ಅರ್ಧದಷ್ಟು ಆಗಿದೆ. ಅದಕ್ಕೇ ತಡವಾಯಿತು.

ಸಿಟ್ಟು ಕಪ್ಪಿನದಲ್ಲ. ಒಂಬತ್ತು ವರ್ಷದವಳ ಮೇಲೆ ಏನು ಸಿಟ್ಟು ಮಾಡಿಕೊಳ್ಳಲಿ? ಆದರೆ ಇಪ್ಪತ್ತೊಂಬತ್ತರವಳು, ಮೂವತ್ತೊಂಬತ್ತರವಳು ನನ್ನೆದುರು ಕೂತು ಚಹಾ ಕುಡಿದಳಲ್ಲ, "ಅಮ್ಮಾ, ನೀನು ಆ ಕೆಲಸ ಬಿಡಬಾರದಿತ್ತು" ಅಂತ ನನಗೇ ಬುದ್ಧಿ ಹೇಳಿದಳಲ್ಲ, ಅವಳ ಮೇಲೆ ಸಿಟ್ಟು. ಅವಳನ್ನು ಕಂಡರೆ ಕಿವಿ ಹಿಂಡುತ್ತೇನೆ ಅಂತ ಹೇಳು.

ಈಗ ನಿನ್ನ ಕಾಗದದಲ್ಲಿರುವ ಒಂದು ತಪ್ಪು. ನಿನ್ನ ಗಾಯ ನಾನು ನೋಡಿದ್ದು ನಾಲ್ಕನೇ ದಿನ ಅಲ್ಲ, ಬಿದ್ದ ದಿನವೇ. ಬಲ ಮೊಣಕಾಲು, ಮಂಡಿಚಿಪ್ಪಿನ ಸ್ವಲ್ಪ ಕೆಳಗೆ, ಅರ್ಧ ಬೆರಳಿನಷ್ಟು ಉದ್ದ, ಒಂದು ತುದಿ ಕವಲೊಡೆದಿತ್ತು. ನೋಡಿದೆ, ಹೇಳಲಿಲ್ಲ. ದಿನವಿಡೀ ಇದು ಸರಿಯಿಲ್ಲ, ಅದು ಸರಿಯಿಲ್ಲ ಅಂತ ಊರಿನವರನ್ನೆಲ್ಲ ತಿದ್ದಿ ಬರುತ್ತಿದ್ದೆ. ಮನೆಗೆ ಬಂದ ಮೇಲೆ ಕಣ್ಣಿಗೆ ಬಿದ್ದದ್ದನ್ನು ಬಾಯಿಗೆ ತರಬಾರದು, ಮಗುವನ್ನು ತಿದ್ದುತ್ತಾ ಕೂರಬಾರದು ಅಂತ ನನಗೆ ನಾನೇ ಒಂದು ಕಟ್ಟುಪಾಡು ಹಾಕಿಕೊಂಡಿದ್ದೆ. ನಿನ್ನ ಜಡೆ ಓರೆಯಾದರೂ ಸುಮ್ಮನಿರುತ್ತಿದ್ದೆ. ಅದನ್ನು ಒಳ್ಳೆಯದು ಅಂತ ಮಾಡಿದೆ ಕಣೇ. ಟ್ರಂಕಿನ ಮೇಲಿಂದ ನೋಡಿದರೆ ಅದು ಹೇಗೆ ಕಾಣುತ್ತೆ ಅಂತ ನಾನು ಒಂದು ಸಲವೂ ಯೋಚನೆ ಮಾಡಲಿಲ್ಲ. ಅದು ನನ್ನ ಕಡೆಯ ತಪ್ಪು. ಕಪ್ ಅಲ್ಲ, ಅದು.

ಇನ್ನೊಂದು ಮಾತು. ನಿನ್ನ ಮೊದಲನೇ ಕಾಗದ ಓದಿದಾಗ ಏನಾಯಿತು ಹೇಳಲಾ? ಓದುತ್ತಾ ಹೋದೆ, ನೀರು ಕುಡಿದೆ ಅಂತ ಬಂದ ಕಡೆ ಕಣ್ಣು ನಿಂತುಬಿಟ್ಟಿತು. ಇಲ್ಲೇನೋ ಸರಿಯಿಲ್ಲ ಅಂದಿತು. ಎದ್ದು ಹೋಗಿ ನೋಟ್‌ಬುಕ್ ತೆಗೆದು ನೋಡಿದರೆ ತೂತು. ಮೂವತ್ತನಾಲ್ಕು ವರ್ಷ ಆದಮೇಲೂ ನನ್ನ ಕಣ್ಣು ಸರಿಯಾಗಿಯೇ ಇತ್ತು. ಅಡುಗೆಮನೆಯಲ್ಲಿ ನಿಂತು ಒಬ್ಬಳೇ ನಕ್ಕೆ. ನಿನ್ನ ಮೇಲೆ ಸಿಟ್ಟು ಬರುವುದಕ್ಕಿಂತ ಮೊದಲು ಬಂದದ್ದು ಆ ನಗು.

ನಿನ್ನ ನಿರ್ದೇಶಕಿಗೆ ಹೇಳು, ಕಪ್ ಮೇಡಂ ಇದ್ದಾರೆ, ಆದರೆ ಬರಲ್ಲ. ನಾನು ಆ ಕಪ್ಪನ್ನು ಐದನೇ ಕೊಕ್ಕೆಗೆ ಯಾವತ್ತೂ ಹಾಕಿಲ್ಲ. ಈಗ ಹಾಕಿದರೆ ಅದೇ ತಪ್ಪಾಗುತ್ತೆ. ಹೋದ ಸಲ ಯಾವ ಕೈ ಹಾಕಿತ್ತೋ ಈ ಸಲವೂ ಅದೇ ಕೈ ಹಾಕಲಿ. ನಮ್ಮ ಕೆಲಸ ಅಂದರೆ ಅದೇ ತಾನೇ? ಎಲ್ಲರ ಎದುರಿಗೆ ಹಾಕು. ಯಾರು ಅಂತ ಹೇಳಿ ಹಾಕು.

ನೋಟ್‌ಬುಕ್ ಜೊತೆಗಿಟ್ಟಿದ್ದೇನೆ. ಅರುವತ್ತೆಂಟನೇ ಪುಟ. ನನ್ನ ಗುರುತು ಹಾಗೆಯೇ ಇದೆ. ಅದರ ಪಕ್ಕದಲ್ಲಿ ಏನಾಯಿತು ಅಂತ ಬರೆದು ಸಹಿ ಹಾಕಿ ವಾಪಸ್ ಕಳಿಸು. ಪೆನ್ಸಿಲ್ ಬೇಡ.

ಎರಡು ವರ್ಷದಿಂದ ನೀನು ಈ ಕಡೆ ಬಂದಿಲ್ಲ. ಅಂಗಡಿಯ ಮೇಲಿನ ಈ ಎರಡು ಕೋಣೆಯಲ್ಲಿ ಒಂದೇ ಒಂದು ವಸ್ತುವಿನ ಜಾಗ ಬದಲಾಯಿಸಿದ್ದೇನೆ. ನಿನಗೆ ಕಾಣಿಸುತ್ತದೋ ಇಲ್ಲವೋ ನೋಡೋಣ.

ಅಮ್ಮ


ಜೂನ್ 14, ಶನಿವಾರ

ಅಮ್ಮಾ,

ನಿನ್ನೆ ಉಲ್ಕೆಗಳ ದೃಶ್ಯ ಮುಗಿಯಿತು.

ಬೆಳಗ್ಗೆ ನಿರ್ದೇಶಕಿಯನ್ನು ಕೊಕ್ಕೆಗಳ ಗೋಡೆಯ ಹತ್ತಿರ ಕರೆದೆ. ಒಂದೇ ಉಸಿರಿಗೆ ಹೇಳಬೇಕೆಂದು ವಾಕ್ಯ ಜೋಡಿಸಿಕೊಂಡಿದ್ದೆ. ಬಾಯಿ ತೆರೆದಾಗ ಅದು ಬರಲಿಲ್ಲ. "ಕಪ್ ಮೇಡಂ ನನ್ನಮ್ಮ. ಕಪ್ ಇಟ್ಟಿದ್ದು ನಾನು" ಎಂದೆ. ಆಕೆ ಮೊದಲು ನಾನು ತಮಾಷೆ ಮಾಡುತ್ತಿದ್ದೇನೆಂದುಕೊಂಡಳು. ಆಮೇಲೆ ನೋಟ್‌ಬುಕ್ ತೆರೆದು ತೋರಿಸಿದೆ. ಅರುವತ್ತೆಂಟನೇ ಪುಟದಲ್ಲಿ ನೀನು ಬರೆದ ಏಳು ಕೊಕ್ಕೆಗಳ ಚಿಕ್ಕ ಚಿತ್ರ, ಮೂರನೆಯದರ ಕೆಳಗೆ "ನೀಲಿ, ಹಿಡಿ ಎಡಕ್ಕೆ", ಅದರ ಮುಂದೆ ನಿನ್ನ ಗುರುತು. ಆಕೆ ಬೆರಳಿಟ್ಟು ಕೊಕ್ಕೆಗಳನ್ನು ಎಣಿಸಿದಳು. ಹಳೆಯ ಸಿನಿಮಾವನ್ನು ಅರುವತ್ತು ಸಲ ನೋಡಿದ್ದೇನೆಂದು ಹೇಳಿಕೊಳ್ಳುವವಳು ಅವಳು. "ಅವರು ಸರಿಯಾಗೇ ನೋಡಿದ್ರು" ಎಂದಳು. ಮತ್ತೆ, ಇನ್ನೂ ಸಣ್ಣ ದನಿಯಲ್ಲಿ, "ನಾವೆಲ್ಲ ಎಷ್ಟು ನಕ್ಕಿದ್ವಿ" ಎಂದಳು. ನಾನೂ ನಕ್ಕಿದ್ದೆನೆಂದು ಹೇಳಿದೆ. ಅದನ್ನು ಹೇಳದೆ ಬಿಡುವುದು ಸರಿಯೆನಿಸಲಿಲ್ಲ.

ಊಟದ ವಿರಾಮ ಮುಗಿದ ಮೇಲೆ ಎಲ್ಲರನ್ನೂ ಕರೆದು ನಿಲ್ಲಿಸಿದಳು. ಲೈಟಿನವರು, ಬಡಗಿಗಳು, ಗಡಿಯಾರದ ಅಪ್ಪ, ಸಿನಿಮಾದ ಅಮ್ಮ, ಸುಮಾರು ನಲವತ್ತು ಜನ. ನಾನು ಅವರೆದುರು ಹೇಳಿದೆ. ಚೆನ್ನಾಗಿ ಹೇಳಲಿಲ್ಲ, ನಡುವೆ ಎರಡು ಸಲ ನಿಂತೆ. ಮೊಣಕಾಲಿನ ಮಾತು ಹೇಳಲಿಲ್ಲ, ಅದು ನಮ್ಮಿಬ್ಬರದು. ಲೈಟಿನವರಲ್ಲಿ ಹಿರಿಯರೊಬ್ಬರು ಟೋಪಿ ತೆಗೆದು ತಲೆ ಕೆರೆದುಕೊಂಡು, ನೀನು ಅರ್ಧಕ್ಕೆ ಬಿಟ್ಟ ಆ ಚಿತ್ರಕ್ಕೆ ತಾವು ಆಗ ಹೊಸದಾಗಿ ಸೇರಿದ್ದವರೆಂದೂ ಸೂರ್ಯ ಮುಳುಗುತ್ತಾನೆಂದು ಕೂಗಿದವರಲ್ಲಿ ತಾವೂ ಒಬ್ಬರೆಂದೂ ಹೇಳಿದರು. ನಿನಗೆ ತಿಳಿಸಬೇಕಂತೆ.

ಆಮೇಲೆ ನೀಲಿ ಕಪ್ಪನ್ನು ಮೂರನೇ ಕೊಕ್ಕೆಯಿಂದ ತೆಗೆದೆ. ಇದರಲ್ಲಿ ತೂತಿಲ್ಲ, ಈಗ ತೇಲಿಸುವುದೆಲ್ಲ ಕಂಪ್ಯೂಟರಿನಲ್ಲಿ. ಬಿಳಿಯದನ್ನು ಮೂರಕ್ಕೆ ಹಾಕಿ, ನೀಲಿಯದನ್ನು ಐದಕ್ಕೆ ಹಾಕಿದೆ. ಅಷ್ಟು ಹಗುರವಾದ ವಸ್ತು. ಒಂಬತ್ತು ವರ್ಷದವಳ ಕೈಗೆ ಅದು ಭಾರವಾಗಿತ್ತೆಂದು ನನ್ನ ನೆನಪು. ಆ ನೆನಪೂ ನಾನು ಆಮೇಲೆ ಸೇರಿಸಿಕೊಂಡದ್ದೇ ಇರಬಹುದು.

ಈ ಸಲದ ಹುಡುಗಿ ಮೇಜಿನ ಹತ್ತಿರ ನಿಂತು ನೋಡುತ್ತಿದ್ದಳು. ಹಿಡಿ ಬಲಕ್ಕೆ ತಿರುಗಿದೆ, ಮೊದಲು ಎಡಕ್ಕಿತ್ತು ಎಂದಳು. ನಾನು ಅದನ್ನು ಗಮನಿಸಿರಲಿಲ್ಲ ಅಮ್ಮಾ. ಟ್ಯಾಬ್ಲೆಟ್ಟಿನಲ್ಲಿ ಹಳೆಯ ಚಿತ್ರದ ಆ ದೃಶ್ಯ ತೆಗೆದು ನೋಡಿದೆ. ಅಲ್ಲೂ ಐದನೇ ಕೊಕ್ಕೆಯಲ್ಲಿ ಹಿಡಿ ಬಲಕ್ಕೇ ಇದೆ. ಹಾಗೇ ಬಿಟ್ಟೆ. ಅವಳ ಮೊಣಕಾಲಿನಲ್ಲೂ ಬಣ್ಣದ ಗಾಯವಿದೆ. ಇನ್ನೊಂದು ಕಾಲಿನಲ್ಲಿ ಒಂದು ನಿಜವಾದ ಸೊಳ್ಳೆ ಕಚ್ಚಿದ ಗುರುತು ಇತ್ತು. ತುರಿಸುತ್ತಿದೆಯಾ ಎಂದು ಕೇಳಿದೆ. ಹೌದೆಂದಳು. ಅವಳ ಅಮ್ಮನನ್ನು ಕರೆದು ಮುಲಾಮು ಹಚ್ಚಿಸಿದೆ.

ಎರಡನೇ ಟೇಕಿಗೆ ಶಾಟ್ ಸರಿಬಂತು.

ನಿರ್ದೇಶಕಿ ಒಂದು ವಿಷಯ ಕೇಳಿದ್ದಾಳೆ. ಚಿತ್ರದ ಕೊನೆಯಲ್ಲಿ ಹೆಸರುಗಳು ಬರುವ ಮೊದಲು ಅರುವತ್ತೆಂಟನೇ ಪುಟವನ್ನು ಪರದೆಯ ಮೇಲೆ ತೋರಿಸಬಹುದೇ ಎಂದು. ಏಳು ಕೊಕ್ಕೆಗಳ ಚಿತ್ರ, ನಿನ್ನ ಗುರುತು, ಅದರ ಪಕ್ಕದಲ್ಲಿ ನಾನು ಬರೆದದ್ದು. ಅಭಿಮಾನಿಗಳ ನಾಲ್ಕನೆಯವರು ಸಿಕ್ಕಂತಾಯಿತು ಎಂದು ನಕ್ಕಳು. ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಪುಟ ನಿನ್ನದು. ನೀನು ಬೇಡವೆಂದರೆ ಬೇಡ, ಆಕೆ ಒಪ್ಪಿದ್ದಾಳೆ.

ನಿನ್ನ ಗುರುತಿನ ಪಕ್ಕ ನಾನು ಬರೆದದ್ದು ಇಷ್ಟೇ: "ಪರಿಶೀಲನೆ ಸರಿಯಾಗಿತ್ತು. ಅದಾದ ಮೇಲೆ ಮಗಳು ಕಪ್ ಬದಲಾಯಿಸಿದಳು, ಬೇಕೆಂದೇ." ಕೆಳಗೆ ಸಹಿ, ನಿನ್ನೆಯ ತಾರೀಕು. ಪೆನ್ನಿನಲ್ಲೇ.

ಶೂಟಿಂಗ್ ಇಪ್ಪತ್ತೊಂದಕ್ಕೆ ಮುಗಿಯುತ್ತದೆ. ಇಪ್ಪತ್ತೆರಡರ ಬೆಳಗಿನ ಬಸ್ಸಿಗೆ ಸೀಟು ಕಾದಿರಿಸಿದ್ದೇನೆ. ನಿನ್ನ ಎರಡು ಕೋಣೆಗಳನ್ನು ನೆನಪಿನಲ್ಲೇ ಸುತ್ತಿ ನೋಡಿದೆ. ಕಿಟಕಿಯ ಪಕ್ಕದ ಸ್ಟೂಲು, ಗೋಡೆಗಡಿಯಾರ, ಕಣ್ಣು ಪರೀಕ್ಷೆಯ ಹಳೆಯ ಅಕ್ಷರದ ಹಲಗೆ, ಎಲ್ಲವೂ ತಮ್ಮ ತಮ್ಮ ಜಾಗದಲ್ಲೇ ಕಾಣುತ್ತವೆ. ಆದರೆ ನನ್ನ ನೆನಪನ್ನು ಎಷ್ಟು ನಂಬಬೇಕೆಂದು ನಮ್ಮಿಬ್ಬರಿಗೂ ಈಗ ಗೊತ್ತು. ಬಂದು ನೋಡಿಯೇ ಹೇಳುತ್ತೇನೆ. ಕಾಣಿಸದಿದ್ದರೆ ಕಾಣಿಸಲಿಲ್ಲವೆಂದು ಹೇಳುತ್ತೇನೆ. ಕಿವಿಯನ್ನೂ ಜೊತೆಗೇ ತರುತ್ತಿದ್ದೇನೆ.

ನೋಟ್‌ಬುಕ್ಕನ್ನು ಎರಡು ಪದರ ಕಾಗದದಲ್ಲಿ ಸುತ್ತಿ ದಾರ ಕಟ್ಟಿದ್ದೇನೆ. ಪತ್ರ ಅದರ ಮೇಲಿದೆ. ನನ್ನ ಕೈಯಲ್ಲೇ ತರಬಹುದಿತ್ತು, ಆದರೆ ನಾನು ಬಾಗಿಲು ತಟ್ಟುವ ಮೊದಲು ನೀನು ಇದನ್ನು ಓದಿರಬೇಕು. ಅಂಚೆಗೆ ನಾಲ್ಕು ದಿನ ಬೇಕು. ನಾಳೆ ಭಾನುವಾರ, ಅಂಚೆ ಕಚೇರಿ ತೆರೆದಿರುವುದಿಲ್ಲ. ನಾಡಿದ್ದು ಬೆಳಗ್ಗೆ ಕೆಲಸಕ್ಕೆ ಹೋಗುವ ದಾರಿಯಲ್ಲಿ ಕಳಿಸುತ್ತೇನೆ.

ನಿನ್ನ ಮಗಳು

ಅಂಚೆಗೆ: ಜೂನ್ 16, ಸೋಮವಾರ